ಐದು ದಿನಕ್ಕೊಂದು ಇನ್ಶೂರೆನ್ಸು

ಚಾಮರಾಜಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ ಮರಿಯಣ್ಣನಿಗೆ ಸಿಂಗಪುರದ ಯೋಗ ಕೂಡಿ ಬಂದದ್ದು ಡಿಸ್ಟೆಂಪರಿನ ಡಬ್ಬಗಳಿಂದ. ೧೯೮೭ರಲ್ಲಿ ಬಣ್ಣದ ಕಂಪನಿಯವರು ರಾಜ್ಯದಲ್ಲಿ ಅತಿ ಹೆಚ್ಚು ಮಾಲು ಮಾರಿದ ಹನ್ನೆರಡು ಡೀಲರುಗಳನ್ನು ಹೆಂಡತಿಯರ ಸಮೇತ ಐದು ದಿನ ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತೇವೆಂದು ಸಾರಿದರು. ಪಟ್ಟಿಯಲ್ಲಿ ಮರಿಯಣ್ಣನ ಹೆಸರು ಹನ್ನೆರಡನೆಯದು. ಹನ್ನೊಂದನೆಯದು ಮಲ್ಲೇಶ್ವರಂನ ಮಲ್ಲಿಕಾರ್ಜುನಯ್ಯನದು. ಅದನ್ನು ಓದಿದ ಕೂಡಲೇ ಮರಿಯಣ್ಣನ ಸಂತೋಷದಲ್ಲಿ ಕಾಲು ಭಾಗ ಇಳಿದುಹೋಯಿತು. ಇಬ್ಬರಿಗೂ ಹದಿನೆಂಟು ವರ್ಷದ ಪೈಪೋಟಿ. ಒಂದು ಕಲ್ಯಾಣಮಂಟಪದ ಬಣ್ಣದ ಆರ್ಡರನ್ನು ಮಲ್ಲಿಕಾರ್ಜುನಯ್ಯ ಲೀಟರಿಗೆ ಎಂಟಾಣೆ ಇಳಿಸಿ ಹೊಡೆದುಕೊಂಡ ದಿನದಿಂದ ಮಾತೇ ಇರಲಿಲ್ಲ.

“ಅವನೂ ಬರ್ತಾನಂತೆ,” ಎಂದು ಮರಿಯಣ್ಣ ಹೆಂಡತಿಗೆ ಹೇಳಿದ.

“ಬರ್ಲಿ ಬಿಡಿ. ವಿಮಾನ ಏನು ನಿಮ್ಮ ಮಾವಂದಾ?” ಎಂದಳು ವಿಶಾಲಮ್ಮ.

ಸುದ್ದಿ ಬೀದಿಗೆಲ್ಲ ಹಬ್ಬಿದ ಮೇಲೆ ಮೊದಲು ಅಂಗಡಿಗೆ ಬಂದವನು ವೆಂಕಟಾಚಲ. ಜನರಲ್ ಇನ್ಶೂರೆನ್ಸಿನ ಏಜೆಂಟು, ಪಕ್ಕದ ಕ್ರಾಸಿನವನು. ಮರಿಯಣ್ಣನ ಅಂಗಡಿಗೆ ಬೆಂಕಿ ವಿಮೆ, ಲ್ಯಾಂಬ್ರೆಟಾ ಸ್ಕೂಟರಿಗೆ ವಿಮೆ ಎಲ್ಲ ಅವನೇ ಮಾಡಿಸಿದ್ದು. ಸ್ಟೂಲಿನ ಮೇಲೆ ಕೂತು ಚೀಲದಿಂದ ಒಂದು ಫಾರಂ ತೆಗೆದ.

“ಫಾರಿನ್ನಿಗೆ ಹೋಗೋರಿಗೆ ಅಂತಲೇ ಬಂದಿದೆ ಮರಿಯಣ್ಣೋರೇ. ಅಲ್ಲಿ ಆಸ್ಪತ್ರೆಗೆ ಸೇರಿದ್ರೆ ಕಂಪನೀನೇ ಬಿಲ್ ಕಟ್ಟುತ್ತೆ.”

“ಹೋಗೋದು ಐದು ದಿನ ಕಣಯ್ಯ. ಐದು ದಿನದಲ್ಲಿ ಯಾವ ಕಾಯಿಲೆ ಬರುತ್ತೆ? ನೆಗಡಿ ಬಂದು ಹೋಗೋಕೇ ಏಳು ದಿನ ಬೇಕು.”

“ಕಾಯಿಲೆ ಬಿಡಿ, ಬಿದ್ದು ಗಿದ್ದು ಪೆಟ್ಟಾದ್ರೆ?”

“ಇಷ್ಟು ವರ್ಷ ಏಣಿ ಹತ್ತಿ ಡಬ್ಬ ಇಳಿಸಿದೀನಿ, ಬಿದ್ದಿಲ್ಲ. ಸಿಂಗಪುರದಲ್ಲಿ ಚಾಪೆ ಹಾಸಿದ ಹಾಗಿದೆಯಂತೆ ರಸ್ತೆ, ಅಲ್ಲಿ ಬೀಳ್ತೀನಾ? ಹೊರಡೋಕೆ ಮುಂಚೇನೇ ಬೀಳ್ತೀನಿ ಅಂತ ಬರ್ಕೊಡೋದು ಒಳ್ಳೇದಲ್ಲ.”

ವೆಂಕಟಾಚಲ ಅಷ್ಟಕ್ಕೆ ಬಿಡುವವನಲ್ಲ. “ಇನ್ನೊಂದು ಮಾತು ಕೇಳಿ. ಇಲ್ಲಿ ನಿಮ್ಮ ಹತ್ರ ಲಕ್ಷ ಇರಬಹುದು. ಅಲ್ಲಿ ನಿಮ್ಮ ಜೇಬಲ್ಲಿರೋದು ರಿಸರ್ವ್ ಬ್ಯಾಂಕು ಅಳೆದು ಕೊಟ್ಟ ಡಾಲರ್ ಮಾತ್ರ. ಅದು ಮುಗಿದ ಮೇಲೆ ನಿಮ್ಮ ರೂಪಾಯಿ ನೋಟು ಅಲ್ಲಿ ಬರೀ ಕಾಗದ.”

“ನೀನು ಕಾಫಿ ಕುಡಿ,” ಎಂದ ಮರಿಯಣ್ಣ. ವೆಂಕಟಾಚಲ ಕಾಫಿ ಕುಡಿದು ಎದ್ದುಹೋದ. ಮಾತು ಅಲ್ಲಿಗೆ ಮುಗಿಯಿತೆಂದು ಮರಿಯಣ್ಣ ತಿಳಿದ.

ಮುಂದಿನ ಒಂದು ತಿಂಗಳು ಬರೀ ಕಾಗದಪತ್ರದ ಗಲಾಟೆ. ಪಾಸ್‌ಪೋರ್ಟಿಗೆ ಅರ್ಜಿ, ಪೊಲೀಸರ ವಿಚಾರಣೆ, ಡಾಲರಿಗೆ ಅರ್ಜಿ. ವಿಶಾಲಮ್ಮ ಊಟದ ತಟ್ಟೆಯ ಪಕ್ಕದಲ್ಲೇ ಫಾರಂ ಇಟ್ಟು “ಇಲ್ಲೊಂದು ಸೈನ್ ಹಾಕಿ” ಎನ್ನುತ್ತಿದ್ದಳು. ಮರಿಯಣ್ಣ ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು, ಬಲಗೈ ಒರೆಸಿಕೊಂಡು, ಓದದೆ ಸಹಿ ಹಾಕುತ್ತಿದ್ದ. ಅವನಿಗೆ ಬಿ.ಪಿ. ಇತ್ತು. ಅದರ ಬಗ್ಗೆ ಮನೆಯಲ್ಲಿ ಯೋಚನೆ ಮಾಡುತ್ತಿದ್ದವಳು ಅವಳೊಬ್ಬಳೇ.

ಮದರಾಸಿನಿಂದ ವಿಮಾನ ಹತ್ತಿ ಸಿಂಗಪುರದಲ್ಲಿ ಇಳಿದರು. ಹೋಟೆಲು ಹದಿನಾರು ಅಂತಸ್ತಿನದು, ಇವರ ಕೋಣೆ ಹನ್ನೊಂದರಲ್ಲಿ. ಮೊದಲ ಸಂಜೆಯೇ ಮರಿಯಣ್ಣ ಸೆರಂಗೂನ್ ರಸ್ತೆಗೆ ಹೋಗಿ ಒಂದು ಕ್ಯಾಮೆರಾ, ಎರಡು ಕೈಗಡಿಯಾರ ಕೊಂಡು ಬಂದ. ಪಕ್ಕದ ಅಂಗಡಿಯಲ್ಲಿ ಮಲ್ಲಿಕಾರ್ಜುನಯ್ಯ ಒಂದು ಟೂ-ಇನ್-ಒನ್ ರೇಡಿಯೋ-ಟೇಪಿನ ಬೆಲೆ ಕೇಳುತ್ತಿದ್ದದ್ದು ಕಂಡಿತು. ಇಬ್ಬರೂ ಗಾಜಿನ ಬೀರುಗಳನ್ನೇ ದಿಟ್ಟಿಸುತ್ತ ಒಬ್ಬರನ್ನೊಬ್ಬರು ನೋಡದವರಂತೆ ದಾಟಿದರು.

ಮಾರನೆಯ ಬೆಳಗ್ಗೆ ವಿಶಾಲಮ್ಮ ಸ್ನಾನಕ್ಕೆ ಹೋದಳು. ಬಚ್ಚಲಲ್ಲಿ ಬಕೆಟ್ ಇಲ್ಲ, ಹಂಡೆಯಂತೂ ಇಲ್ಲ. ಉದ್ದನೆಯ ಬಿಳಿ ತೊಟ್ಟಿಯೊಂದಿತ್ತು. ತಲೆಯ ಮೇಲಿಂದ ಜರಡಿಯಂತೆ ಸುರಿಯುವ ನೀರು ಅವಳಿಗೆ ಒಗ್ಗಲಿಲ್ಲ. ತೊಟ್ಟಿಯಲ್ಲಿ ನೀರು ತುಂಬಿಸಿ, ಊರಿನಿಂದ ತಂದಿದ್ದ ಹಿತ್ತಾಳೆ ಚೊಂಬಿನಲ್ಲಿ ಮೊಗೆದು ಮೊಗೆದು ಹೊಯ್ದುಕೊಂಡು ಮನಸಾರೆ ಸ್ನಾನ ಮಾಡಿದಳು. ಸೀರೆ ಉಟ್ಟುಕೊಂಡ ಮೇಲೆ ಚೊಂಬು ತೊಟ್ಟಿಯಲ್ಲೇ ಉಳಿದದ್ದು ನೆನಪಾಯಿತು. ಅದನ್ನು ತೆಗೆಯಲು ಬಗ್ಗಿದಾಗ ಒದ್ದೆ ನೆಲದ ಮೇಲೆ ಕಾಲು ಜಾರಿತು.

ಚೊಂಬು ನೆಲಕ್ಕೆ ಬಿದ್ದು ಗಂಟೆ ಹೊಡೆದ ಹಾಗೆ ಸದ್ದಾಯಿತು. ಮರಿಯಣ್ಣ ಬಾಗಿಲು ತಳ್ಳಿ ನೋಡಿದರೆ ವಿಶಾಲಮ್ಮ ಗೋಡೆಗೆ ಒರಗಿ ಕೂತಿದ್ದಾಳೆ, ಬಲಗಾಲಿನ ಹರಡು ಆಗಲೇ ಊದುತ್ತಿದೆ.

“ಏನಾಯ್ತೇ?”

“ಏನಿಲ್ಲ. ಸ್ವಲ್ಪ ಅರಿಶಿನ ಸಿಕ್ಕುತ್ತಾ ಕೇಳಿ,” ಎಂದಳು. ಎದ್ದು ನಿಲ್ಲಲು ಹೋಗಿ ಹಾಗೇ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನೋವಿಗೆ ಅತ್ತದ್ದನ್ನು ಮರಿಯಣ್ಣ ನೋಡಿರಲಿಲ್ಲ.

ಹೋಟೆಲಿನವರು ಆಸ್ಪತ್ರೆಗೆ ಸಾಗಿಸಿದರು. ಎಕ್ಸ್-ರೇ ತೆಗೆದ ಡಾಕ್ಟರು ಮೂಳೆ ಮುರಿದಿದೆ, ಇವತ್ತೇ ಕೂಡಿಸಿ ಪ್ಲಾಸ್ಟರ್ ಹಾಕಬೇಕು, ಎರಡು ರಾತ್ರಿ ಇಲ್ಲೇ ಇರಬೇಕು ಎಂದರು. ಕೌಂಟರಿನಲ್ಲಿ ಕೂತಿದ್ದ ಹುಡುಗಿಯ ಮನೆಮಾತು ತಮಿಳು. ಪೇಟೆಯಲ್ಲಿ ವ್ಯಾಪಾರ ಮಾಡಿದ ಮರಿಯಣ್ಣನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಅವಳು ಮುಂಗಡ ಎಷ್ಟು ಕಟ್ಟಬೇಕೆಂದು ಹೇಳಿ, ಪಾಸ್‌ಪೋರ್ಟ್ ತರಲು ಹೇಳಿದಳು. ಆ ಮೊತ್ತ ಕೇಳಿ ಮರಿಯಣ್ಣನಿಗೆ ಕೈಯಲ್ಲಿದ್ದ ಹೊಸ ಗಡಿಯಾರ ಭಾರವಾದ ಹಾಗಾಯಿತು. ಉಳಿದ ಡಾಲರೆಲ್ಲ ಸುರಿದರೂ ಅರ್ಧಕ್ಕೆ ಸಾಲದು.

ಟ್ಯಾಕ್ಸಿಯಲ್ಲಿ ಹೋಟೆಲಿಗೆ ಬಂದು ಸೂಟ್‌ಕೇಸ್ ಬಗೆದ. ಚಟ್ನಿಪುಡಿಯ ಡಬ್ಬದ ಕೆಳಗೆ ಪಾಸ್‌ಪೋರ್ಟುಗಳಿದ್ದವು. ಅವುಗಳ ಜೊತೆ ಒಂದು ನೀಲಿ ಲಕೋಟೆ. ಬಿಡಿಸಿ ನೋಡಿದರೆ ವೆಂಕಟಾಚಲನ ಆಫೀಸಿನ ಮೊಹರು! ಮರಿಯಣ್ಣ ಮಂಚದ ಮೇಲೆ ಕುಸಿದು ಕೂತ. ‘ಎಂಥಾ ಹೆಂಗಸಪ್ಪಾ ಇವಳು! ನಾನು ಬೇಡ ಬೇಡ ಅಂದ್ರೂ ಮಾಡಿಸಿಬಿಟ್ಟಿದ್ದಾಳೆ!’ ಲಕೋಟೆಯನ್ನು ಕಣ್ಣಿಗೊತ್ತಿಕೊಂಡ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇಲ್ಲದೆ ನಾಲ್ಕು ಅಂತಸ್ತು ಮೆಟ್ಟಿಲಲ್ಲೇ ಇಳಿದು, ಏದುಸಿರು ಬಂದು, ಮತ್ತೆ ಲಿಫ್ಟೇ ಹಿಡಿದ.

ಆಸ್ಪತ್ರೆಯ ಕೌಂಟರಿನಲ್ಲಿ ಲಕೋಟೆಯನ್ನು ಠೀವಿಯಿಂದ ಮುಂದಿಟ್ಟ. “ಇನ್ಶೂರೆನ್ಸ್ ಇದೆಯಮ್ಮ.”

ಹುಡುಗಿ ಎರಡೂ ಹಾಳೆ ಓದಿದಳು. “ಸಾರ್, ಇದರಲ್ಲಿರೋದು ನಿಮ್ಮ ಹೆಸರು.”

“ಹೌದು, ನಾನೇ ಯಜಮಾನ.”

“ಬಿದ್ದಿರೋದು ಅಮ್ಮ ಅಲ್ವಾ? ಇದು ನಿಮ್ಮೊಬ್ಬರಿಗೆ ಮಾತ್ರ.”

ಮರಿಯಣ್ಣ ಹಾಳೆ ಹಿಂದೆ ಮುಂದೆ ತಿರುಗಿಸಿದ, ಲಕೋಟೆಯ ಒಳಗೆ ಊದಿ ನೋಡಿದ. ಇನ್ನೊಂದು ಕಾಗದ ಇರಲಿಲ್ಲ. ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿ ಕೇಳಿದ, “ಬಿದ್ದಿದ್ದು ನಾನೇ ಅಂತ ಬರ್ಕೊಳ್ಳೋಕಾಗುತ್ತಾ?”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಪಾಪ, ಬಾಯಿಗೆ ಕೈ ಅಡ್ಡ ಹಿಡಿದು, “ಎಕ್ಸ್-ರೇಯಲ್ಲಿ ಕಾಲುಂಗುರ ಕಾಣ್ತಿದೆ ಸಾರ್,” ಎಂದಳು.

ವಿಶಾಲಮ್ಮ ಒಳಗೆ ಮಂಚದ ಮೇಲೆ ಮಲಗಿದ್ದಳು. ಸೂಜಿ ಚುಚ್ಚಿದ್ದರಿಂದ ನೋವು ಸ್ವಲ್ಪ ಇಳಿದಿತ್ತು. ಮರಿಯಣ್ಣ ಲಕೋಟೆಯನ್ನು ತೋರಿಸಿದ.

“ನಿನ್ನದೆಲ್ಲಿ?”

“ನನ್ನದು ಮಾಡಿಸ್ಲಿಲ್ಲ. ವೆಂಕಟಾಚಲ ಇಬ್ಬರಿಗೂ ಮಾಡಿಸಿ ಅಕ್ಕಾ ಅಂದ. ನಾನೇ ಬೇಡ ಅಂದೆ.”

“ಯಾಕೆ ಅಂತ?”

“ಅಲ್ಲ ರೀ, ನಿಮಗೇನಾದ್ರೂ ಆಗಿದ್ರೆ ಗುರುತಿಲ್ಲದ ಊರಲ್ಲಿ ನಾನು ಯಾರ ಹತ್ರ ಹೋಗ್ಲಿ? ಏನು ಮಾತಾಡ್ಲಿ? ಕಾಗದವಾದ್ರೂ ಒಂದಿರಲಿ ಕೈಯಲ್ಲಿ ಅಂತ ಮಾಡಿಸ್ದೆ. ನನಗೇನಾದ್ರೂ ಆದ್ರೆ ನೀವಿದ್ದೀರಲ್ಲ.”

ಅವಳು ಅದನ್ನು ತೀರಾ ಸಹಜವಾಗಿ ಹೇಳಿದಳು. ಮರಿಯಣ್ಣ ಹೊದಿಕೆಯನ್ನು ಸರಿಪಡಿಸುವ ನೆಪದಲ್ಲಿ ಅತ್ತ ತಿರುಗಿದ. “ಇರು, ಬಂದೆ,” ಎಂದು ಹೊರಟ.

ಕಂಪನಿಯ ಮ್ಯಾನೇಜರು ಪ್ರವಾಸಕ್ಕೆಂದು ತಂದಿದ್ದ ದುಡ್ಡು ಬಸ್ಸಿಗೆ, ಊಟಕ್ಕೆ ಲೆಕ್ಕವಾಗಿತ್ತು. ಅದರಲ್ಲಿ ಒಂದಿಷ್ಟು ಕೊಟ್ಟ, ಸಾಲಲಿಲ್ಲ. ಇನ್ನು ಉಳಿದವರು ಜೊತೆಯ ಡೀಲರುಗಳು. ಅವರೆಲ್ಲ ಊಟಕ್ಕೆಂದು ಹೋಟೆಲಿಗೆ ಮರಳಿ ಬಂದಿದ್ದರು. ಮರಿಯಣ್ಣ ಜೀವಮಾನದಲ್ಲಿ ಯಾರ ಮುಂದೆಯೂ ಕೈ ಚಾಚಿದವನಲ್ಲ. ಊಟದ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಸಂಗತಿಯನ್ನು ಹೇಳಬೇಕೆಂದುಕೊಂಡದ್ದು ಒಂದು ರೀತಿ, ಬಾಯಿಂದ ಬಂದದ್ದು ಇನ್ನೊಂದು ರೀತಿ. “ನಮ್ಮ ಮನೆಯವಳು ಕಾಲು ಮುರ್ಕೊಂಡಿದ್ದಾಳೆ. ಡಾಲರ್ ಸಾಲ್ತಾ ಇಲ್ಲ. ಊರಿಗೆ ಹೋದ್ಮೇಲೆ ಲೆಕ್ಕ ಮಾಡಿ ಕೊಡ್ತೀನಿ,” ಎಂದು ಒಂದೇ ಉಸಿರಿಗೆ ಹೇಳಿ ನಿಂತುಬಿಟ್ಟ.

ಎಲ್ಲರ ಕಣ್ಣೂ ತಟ್ಟೆಗಿಳಿಯಿತು. ಒಬ್ಬೊಬ್ಬರ ಜೇಬಿನಲ್ಲೂ ಮಕ್ಕಳು, ನೆಂಟರು ಬರೆದುಕೊಟ್ಟ ಸಾಮಾನಿನ ಪಟ್ಟಿ ಇತ್ತು. ಆಗ ಮೂಲೆಯ ಮೇಜಿನಿಂದ ಕುರ್ಚಿ ಸರಿದ ಸದ್ದಾಯಿತು. ಮಲ್ಲಿಕಾರ್ಜುನಯ್ಯ ಎದ್ದು ಬಂದು, ಒಳಜೇಬಿನಿಂದ ಪರ್ಸ್ ತೆಗೆದು, ಎಣಿಸದೆ ನೋಟುಗಳನ್ನು ಮರಿಯಣ್ಣನ ಕೈಗಿಟ್ಟ.

“ಅಳಿಯಂಗೆ ಟೂ-ಇನ್-ಒನ್ ತರ್ತೀನಿ ಅಂದಿದ್ದೆ. ಮುನಿಸ್ಕೊಳ್ಲಿ ಬಿಡ್ರಿ, ಅವನಿಗೆ ಅದೇ ಕೆಲಸ,” ಎಂದ. ಆಮೇಲೆ ಉಳಿದವರ ಕಡೆ ತಿರುಗಿ, “ಏನ್ರಪ್ಪಾ, ಅನ್ನ ಆರ್ತಾ ಇದೆಯಾ? ತೆಗೀರಿ ತೆಗೀರಿ,” ಎಂದು ದನಿ ಏರಿಸಿದ. ಹತ್ತು ಕೈಗಳು ಜೇಬಿಗಿಳಿದವು.

ಮರಿಯಣ್ಣ ನೋಟುಗಳನ್ನು ಹಿಡಿದುಕೊಂಡು, “ಮಲ್ಲಿಕಾರ್ಜುನಯ್ಯನೋರೇ...” ಎಂದ.

“ಮೊದ್ಲು ಹೋಗ್ರಿ. ಕಲ್ಯಾಣಮಂಟಪದ ಜಗಳ ಊರಲ್ಲಿ ಆಡೋಣ.”

ಸಂಜೆಯೊಳಗೆ ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದ್ದಾಯಿತು. ಎರಡು ದಿನ ಮರಿಯಣ್ಣ ಆಸ್ಪತ್ರೆಯ ಕುರ್ಚಿಯಲ್ಲೇ ಕಳೆದ. ಆಸ್ಪತ್ರೆಯವರು ಕೊಟ್ಟ ಬ್ರೆಡ್ಡನ್ನು ವಿಶಾಲಮ್ಮ ಮುಟ್ಟದಿದ್ದಾಗ ಮಲ್ಲಿಕಾರ್ಜುನಯ್ಯನ ಹೆಂಡತಿ ಎಲ್ಲಿಂದಲೋ ಮೊಸರನ್ನ ಹೊಂದಿಸಿ ತಂದಳು.

ಕೊನೆಯ ದಿನ ವಿಮಾನ ರಾತ್ರಿಗಿತ್ತು. ಬೆಳಗ್ಗೆ ಉಳಿದವರೆಲ್ಲ ಹಕ್ಕಿಗಳ ಉದ್ಯಾನಕ್ಕೆ ಹೊರಟಾಗ ವಿಶಾಲಮ್ಮ, “ನಾನೂ ಬರ್ತೀನಿ. ಸಿಂಗಪುರಕ್ಕೆ ಬಂದು ಬಚ್ಚಲುಮನೆ ನೋಡಿದೆ ಅಂತ ಊರಲ್ಲಿ ಹೇಳ್ಕೊಳ್ಲಾ?” ಎಂದಳು. ಆಸ್ಪತ್ರೆಯ ಗಾಲಿಕುರ್ಚಿಯೊಂದನ್ನು ಸಂಜೆಯವರೆಗೆ ಕೇಳಿ ತಂದರು.

ಮರಿಯಣ್ಣ ಊರಿನಲ್ಲಿ ರಸ್ತೆಗಿಳಿದರೆ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ಹೋಗುವ ಗಂಡಸು. ಅವಳು ಹಿಂದಿನಿಂದ ಏನಾದರೂ ಹೇಳಿದರೆ ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ಇವತ್ತು ಅವಳು ಮುಂದೆ, ಅವನು ಹಿಂದೆ. ಅವಳು ಹೇಳಿದ್ದೆಲ್ಲ ನೇರವಾಗಿ ಕಿವಿಗೆ ಬೀಳುತ್ತಿತ್ತು.

“ನಿಲ್ಲಿಸಿ ನಿಲ್ಲಿಸಿ. ಆ ಗಿಣಿ ನೋಡಿ, ನಿಮ್ಮ ಅಂಗಡಿಯ ಬಣ್ಣದ ಶೇಡ್ ಕಾರ್ಡೆಲ್ಲ ಮೈಮೇಲೇ ಇದೆ.”

ಮರಿಯಣ್ಣ ಗಟ್ಟಿಯಾಗಿ ನಕ್ಕ. ಅವಳು ಹೀಗೆಲ್ಲ ಮಾತಾಡುತ್ತಾಳೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ಮಧ್ಯಾಹ್ನದವರೆಗೂ ದಣಿವಾಗದೆ ಕುರ್ಚಿ ತಳ್ಳಿದ. ಕೆಂಪು ಕೊಕ್ಕರೆಗಳ ಕೊಳದ ಬಳಿ ಅವಳ ಫೋಟೋ ತೆಗೆದ, ಬಿಳಿ ಪ್ಲಾಸ್ಟರಿನ ಕಾಲೂ ಬರುವಂತೆ.

ಮದರಾಸಿನಲ್ಲಿ ಇಳಿದು ಸ್ಟೇಷನ್ ಸೇರಿದಾಗ ಬೆಳಗಾಗಿತ್ತು, ಬೆಂಗಳೂರಿನ ರೈಲಿಗೆ ಇನ್ನೂ ಐದಾರು ಗಂಟೆ ಇತ್ತು. ಮರಿಯಣ್ಣ ಹೆಂಡತಿಯನ್ನು ಸ್ಟೇಷನ್ನಿನ ವೆಯ್ಟಿಂಗ್ ರೂಮಿನಲ್ಲಿ ಕೂರಿಸಿ, ಆಟೋ ಹಿಡಿದು ಫಾರಿನ್ ಸಾಮಾನು ಮಾರುವ ಬರ್ಮಾ ಬಜಾರಿಗೆ ಓಡಿದ. ಅಲ್ಲಿ ಅವನ ರೂಪಾಯಿಗೆ ಬೆಲೆ ಇತ್ತು. ಚೌಕಾಸಿ ಮಾಡುವ ಗೋಜಿಗೆ ಹೋಗದೆ ದೊಡ್ಡದೊಂದು ಟೂ-ಇನ್-ಒನ್ ಕೊಂಡು ತಂದು ಮಲ್ಲಿಕಾರ್ಜುನಯ್ಯನ ಪಕ್ಕದಲ್ಲಿಟ್ಟ.

“ಅಳಿಯಂಗೆ ಸಿಂಗಪುರದ್ದೇ ಅಂತ ಹೇಳಿ.”

ಮಲ್ಲಿಕಾರ್ಜುನಯ್ಯ ಅದನ್ನು ಎತ್ತಿ, ತಿರುಗಿಸಿ, ಗುಂಡಿ ಒತ್ತಿ ನೋಡಿದ. “ನಾನು ಅಲ್ಲಿ ನೋಡಿದ್ದಕ್ಕಿಂತ ಇದೇ ಚೆನ್ನಾಗಿದೆ ಕಣ್ರಿ. ಎಷ್ಟು ಕೊಟ್ರಿ?” ಬೆಲೆ ಕೇಳಿ ಹಣೆ ಚಚ್ಚಿಕೊಂಡ. “ಜಾಸ್ತಿ ಕೊಟ್ಟಿದೀರಿ! ನನ್ನ ಕರ್ಕೊಂಡು ಹೋಗ್ಬಾರ್ದಾಗಿತ್ತಾ?” ಉಳಿದವರ ಲೆಕ್ಕವನ್ನು ಮರಿಯಣ್ಣ ಊರಿಗೆ ಬಂದ ವಾರದಲ್ಲೇ ತೀರಿಸಿದ.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಒಂದೂವರೆ ತಿಂಗಳಾಯಿತು. ಒಂದು ದಿನ ಮಾವಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ ಶೀನಣ್ಣ ಬಾಗಿಲಿಗೆ ಬಣ್ಣ ಕೊಳ್ಳಲು ಬಂದವನು, ಮುಂದಿನ ತಿಂಗಳು ಹೆಂಡತಿಯ ಜೊತೆ ನಾಲ್ಕು ದಿನ ಕೊಲಂಬೋಗೆ ಹೋಗುತ್ತಿದ್ದೇನೆಂದ. “ಯಾರೋ ಇನ್ಶೂರೆನ್ಸ್ ಮಾಡ್ಸು ಅಂತಾರೆ. ನಾಲ್ಕು ದಿನಕ್ಕೆ ಅದ್ಯಾಕೆ, ಅಲ್ವಾ ಮರಿಯಣ್ಣ?”

ಮರಿಯಣ್ಣ ಡಬ್ಬದ ಮುಚ್ಚಳ ತೆಗೆಯುತ್ತಿದ್ದವನು ಕೈ ನಿಲ್ಲಿಸಿದ. “ಮಾಡ್ಸು. ಮೊದ್ಲು ಹೆಂಡತಿದು ಮಾಡ್ಸು, ಆಮೇಲೆ ನಿಂದು.”

“ಅವಳಿಗೇನೋ! ಕಲ್ಲುಗುಂಡಿನ ಹಾಗಿದ್ದಾಳೆ. ಒಂದು ದಿನ ತಲೆನೋವು ಅಂದೋಳಲ್ಲ.”

“ಅವಳು ಅಂದಿರೋಲ್ಲ ಬಿಡು,” ಎಂದ ಮರಿಯಣ್ಣ. ಡಬ್ಬ ಅಲ್ಲೇ ಇಟ್ಟು, ಟೆಲಿಫೋನು ಎಳೆದುಕೊಂಡು, ವೆಂಕಟಾಚಲನ ಆಫೀಸಿನ ನಂಬರು ತಿರುಗಿಸತೊಡಗಿದ.