ಹದಿನೇಳನೆಯ ಸಾಲು

ಪ್ರೊಜೆಕ್ಟರಿನ ಫ್ಯಾನು ದುಂಬಿಯಂತೆ ಗುಂಯ್‌ಗುಡುತ್ತಿದೆ, ಪರದೆಯ ಬಲಮೂಲೆಯಲ್ಲಿ ಒಂದು ಮಡಿಕೆ, ಅಕ್ಷರಗಳು ಅಲ್ಲಿ ಸೊಟ್ಟಗಾಗುತ್ತವೆ, ಆಗಲಿ — ಅವಳು ಮುಂದಿನ ಸಾಲಿನ ಕುರ್ಚಿಗಳತ್ತ ಮತ್ತೊಮ್ಮೆ ನೋಡಿದಳು, ವಿಭಾಗದ ಮುಖ್ಯಸ್ಥರ ಕುರ್ಚಿ ಇನ್ನೂ ಖಾಲಿ, ಹನ್ನೊಂದು ವರ್ಷದಿಂದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು ಹೀಗೆ ಮತ್ತೆ ಮತ್ತೆ ಕುರ್ಚಿ ನೋಡಬಾರದು. ಬೆಳಿಗ್ಗೆ ಅವರೇ ಅವಳ ಕೋಣೆಗೆ ಬಂದಿದ್ದರು, ಬಾಗಿಲು ಮುಂದೆ ಮಾಡಿ, ನೋಡಮ್ಮ, ಮುನ್ನೂರು ಕೇಸ್ ಶೀಟು ನೋಡಿದ್ದೀಯ, ಒಳ್ಳೇ ಕೆಲಸ, ಪಟ್ಟಿಯಲ್ಲಿ ಆ ಹದಿನೇಳನೇ ಸಾಲು ಒಂದು ತೆಗೆದುಬಿಡು, ನಿನ್ನ ಗಂಟೇನು ಹೋಗುತ್ತೆ? ಗಂಟಂತೆ! ಎರಡು ವರ್ಷ ದಾಖಲೆ ಕೋಣೆಯ ಧೂಳು ಕುಡಿದು ಅವಳು ಹುಡುಕಿದ್ದೇ ಅದನ್ನು — ಕಲಿಯುವ ಡಾಕ್ಟರು ರೋಗಿಯನ್ನು ಮುಟ್ಟಿ ಬರೆಯುತ್ತಾರೋ, ನಿನ್ನೆಯ ಹಾಳೆ ನೋಡಿ ಬರೆಯುತ್ತಾರೋ. ಹದಿನೇಳನೆಯವನು ಟೈಲರ್, ಸಕ್ಕರೆ ಕಾಯಿಲೆಗೆ ಎಡಗಾಲು ಎಂದೋ ಹೋಗಿತ್ತು, ಜ್ವರಕ್ಕೆಂದು ವಾರ್ಡಿಗೆ ಸೇರಿದ್ದ, ಮೂರು ದಿನವೂ ಅವನ ಹಾಳೆಯಲ್ಲಿ ಒಂದೇ ವಾಕ್ಯ, ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿದೆ, ಮೂರು ದಿನವೂ ಕೆಳಗೆ ಮುಖ್ಯಸ್ಥರ ರುಜು, ಬಾಲ ಎಳೆದ ರುಜು. ಮಂಚದ ಮೇಲೆ ನೀಲಿ ಹೊದಿಕೆ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ನಾಲ್ಕನೆಯ ದಿನ ನರ್ಸಮ್ಮ ಹೊದಿಕೆ ಸರಿಸಿದಾಗ ಉಳಿದ ಒಂದೇ ಪಾದ ಕಪ್ಪಗಾಗಿತ್ತು. ಹಾಳೆಯಲ್ಲಿದ್ದುದನ್ನು ಯಾರೋ ಓದಿ ಹೇಳಿದಾಗ ಆ ಪುಣ್ಯಾತ್ಮ ನಕ್ಕಿದ್ದ — ಹೌದಾ ಡಾಕ್ಟ್ರೇ, ಎರಡೂ ಇದಾವಾ, ಇನ್ನೊಂದು ಎಲ್ಲಿಟ್ಟಿದೀರ ಹೇಳಿ, ಹಾಕ್ಕೊಂಡು ಮನೆಗೆ ಹೋಗ್ತೀನಿ. ಮನೆಗೆ ಹೋಗುವಾಗ ಒಂದೂ ಇರಲಿಲ್ಲ. ಅಕ್ಕ ಫೋನಿನಲ್ಲಿ, ನಿನಗ್ಯಾಕೇ ಬೇಕಿತ್ತು ಇಲ್ಲದ ಉಸಾಬರಿ, ನಿನ್ನನ್ನ ಪ್ರೊಫೆಸರ್ ಮಾಡೋ ಕಡತ ಅವರ ಮೇಜಿನ ಮೇಲೇ ಕೂತಿದೆ, ನೀರಲ್ಲಿದ್ದು ಮೊಸಳೆ ಜೊತೆ ಜಗಳವಾ — ಮೊಸಳೆ ಹಲ್ಲು ಸಡಿಲವಾಗಿದೆ ಕಣಕ್ಕಾ, ಎಂದಿದ್ದಳು, ನಗಿಸಲೆಂದು, ಅಕ್ಕ ನಗಲಿಲ್ಲ. ಬೆಳಿಗ್ಗೆ ಅವಳ ಕೋಣೆಯಿಂದ ಹೊರಡುವ ಮುನ್ನ ಮುಖ್ಯಸ್ಥರು ಮೆತ್ತಗೆ ಹೇಳಿದ್ದು ಬೇರೆ, ಕೆಸರಿಗೆ ಕಲ್ಲು ಹಾಕಿದ್ರೆ ನಿನ್ನ ಮೈಗೂ ಸಿಡಿಯುತ್ತಮ್ಮ, ಮೊದಲನೇ ದಿನ ಬರೆದ ಕೈ ಯಾರದು ಅಂತ ನನಗೂ ಗೊತ್ತು. ಗೊತ್ತಿರಲಿ. ಅವಳದೇ ಕೈ. ಆಗಿನ್ನೂ ಕಲಿಯುತ್ತಿದ್ದಳು, ಮೂವತ್ತೆಂಟು ರೋಗಿಗಳು, ಮಂಚದ ಪಕ್ಕ ನಿಂತೇ ಬರೆದಳು, ಬಗ್ಗಲಿಲ್ಲ, ಹೊದಿಕೆಗೂ ಬೆರಳಿಗೂ ಒಂದು ಗೇಣು ದೂರ, ಮುಂದಿನೆರಡು ದಿನ ಮಿಕ್ಕ ಇಬ್ಬರು ಅವಳದನ್ನು ನೋಡಿ ಬರೆದರು — ಸಿಡಿಯಲಿ ಸ್ವಾಮಿ, ಅದು ಅವಳದೂ ಕೆಸರೇ.

ಕುರ್ಚಿ ಕಿರುಗುಟ್ಟಿತು, ಅವರು ಬಂದು ಕೂತರು, ಕಾಲ ಮೇಲೆ ಕಾಲು, ವಿದ್ಯಾರ್ಥಿಗಳ ಗುಸುಗುಸು ನಿಂತಿತು, ಅವಳು ಗುಂಡಿ ಒತ್ತಿದಳು, ಹದಿನೇಳನೆಯದನ್ನೇ ಎಲ್ಲಕ್ಕಿಂತ ಮೊದಲು ತಂದಿಟ್ಟಿದ್ದಾಳೆ, ಮೂರು ಹಾಳೆಗಳು ಪಕ್ಕಪಕ್ಕ, ಹೆಸರು ರುಜುಗಳಿಗೆಲ್ಲ ಕಪ್ಪು ಬಳಿದಿದ್ದರೂ ಒಂದು ಬಾಲ ಹೊರಗೆ ಇಣುಕುತ್ತಿದೆ, ಕಂಡೂ ಬಿಟ್ಟಿದ್ದಳು, ಇದನ್ನ ಮೊದಲು ಬರೆದೋಳು ನಾನು, ಎಂದಳು, ಆ ರೋಗಿನ ನಾನು ಮುಟ್ಟಿರಲೇ ಇಲ್ಲ, ಎರಡನೆಯ ಸಾಲಿನಲ್ಲಿ ಯಾರೋ ಪೆನ್ನು ಕೆಳಗಿಟ್ಟರು, ಸಾಕಮ್ಮ, ಮುಂದಿನದಕ್ಕೆ ಹೋಗು, ಎಂದರು ಮುಖ್ಯಸ್ಥರು, ಇಲ್ಲ ಸರ್, ಇದು ಹೀಗೇ ಇರುತ್ತೆ, ಆಮೇಲಿನ ಮಾತು ಬಾಯಿಪಾಠವಿತ್ತು, ನಾಲಿಗೆಗೆ ಬರುತ್ತಿಲ್ಲ, ಬರುತ್ತಿರುವುದು ಆ ನೀಲಿ ಹೊದಿಕೆ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ, ಬಗ್ಗಬೇಕಾಗಿಯೇ ಇರಲಿಲ್ಲ, ವಾರ್ಡಿನ ಬಾಗಿಲಿನಿಂದಲೇ ಕಾಣುತ್ತಿತ್ತು, ಬಾಗಿಲಿನಿಂದಲೇ —