ಗಾರುಫಾಲಿಯಾಳ ಶಾಪ

ಶವಪೆಟ್ಟಿಗೆಯ ಹಲಗೆ ಎತ್ತಿದವನೇ ಗೋರಿ ಅಗೆಯುವ ಸ್ತಮಾತಿಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮೂರು ವರ್ಷ ಕಳೆದಿದ್ದರೂ ಅನಾರ್ಗಿರೋಸ್‌ನ ದೇಹ ಕರಗಿರಲಿಲ್ಲ. ದ್ವೀಪದ ವಾಡಿಕೆಯಂತೆ ಮಗನ ಎಲುಬು ಹೊರತೆಗೆದು ತೊಳೆಯಲು ವೈನ್ ತಂದಿದ್ದ ತಾಯಿ ಮೋಸ್ಕೋ ಬೋಗುಣಿಯನ್ನು ನೆಲಕ್ಕಿಟ್ಟಳು.

"ಶಾಪ ತಗುಲಿದ ಹೆಣ ಕರಗಲ್ಲ. ಶಾಪ ಹಾಕಿದೋರೇ ಬಂದು ಬಿಡಿಸ್ಬೇಕು," ಎಂದರು ಪಾದ್ರಿ. ಯಾರ ಶಾಪವೆಂದು ಆ ದ್ವೀಪದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಗಾರುಫಾಲಿಯಾಳನ್ನು ಕರೆತಂದರು. ಗ್ರೀಕರು ದಂಗೆಯೆದ್ದ ವರ್ಷ ಸ್ವಂತ ಹಡಗಿನಲ್ಲಿ ತುರ್ಕಿ ಸುಲ್ತಾನನ ನೌಕಾಪಡೆಯ ಮೇಲೆ ನುಗ್ಗಿದ ವಿಧವೆ. ಅವಳ ಮೇಲೆ ಹಾಡುಗಳಿದ್ದವು. ಗೋರಿಗೆ ಹತ್ತು ಹೆಜ್ಜೆ ಇರುವಾಗಲೇ ನಿಂತುಬಿಟ್ಟಳು.

"ಸುಲ್ತಾನನ ಫಿರಂಗಿಗೇ ಹೆದರದೋಳು, ನಮ್ಮೂರ ಹುಡುಗನ ಹೆಣಕ್ಕೆ ಹೆದರ್ತಾಳಲ್ರೇ," ಎಂದಳು ಹಿಂದಿನಿಂದ ಒಬ್ಬಳು.

ಆ ಕಾಳಗದ ದಿನ ಸಿಡಿಮದ್ದು ತುಂಬಿದ ದೋಣಿಯನ್ನು ಹಡಗಿಗೆ ಕಟ್ಟಿ ಎಳೆದೊಯ್ದು, ಬೆಂಕಿಯಿಟ್ಟು, ಹಗ್ಗ ಕಡಿದು ಶತ್ರುವಿನತ್ತ ಬಿಡುವ ಕೆಲಸ ಅನಾರ್ಗಿರೋಸ್‌ನದಾಗಿತ್ತು. ಹಗ್ಗ ಕಡಿದದ್ದು ತೀರಾ ಬೇಗವಾಯಿತು. ಗಾಳಿ ತಿರುಗಿತು, ಉರಿಯುವ ದೋಣಿ ತಮ್ಮ ಹಡಗಿಗೇ ಬಂದು ಬಡಿಯಿತು. ಹನ್ನೊಂದು ಜನ ಸುಟ್ಟುಹೋದರು. ಬಂದರಿನಲ್ಲಿ, ಎದೆ ಬಡಿದುಕೊಳ್ಳುತ್ತಿದ್ದ ಹೆಂಗಸರ ಮುಂದೆ, ಗಾರುಫಾಲಿಯಾ ಅವನ ಮುಖಕ್ಕೇ ಹೇಳಿದ್ದಳು: "ಮಣ್ಣೂ ನಿನ್ನ ತಿನ್ನದಿರಲಿ!" ಅವನು ಬಾಯಿ ಬಿಡಲಿಲ್ಲ. ಅದೇ ಚಳಿಗಾಲ ಜ್ವರ ಬಂದು ಸತ್ತ.

"ಮೂರು ಸಲ 'ಕ್ಷಮಿಸಿದೆ' ಅನ್ನಿ, ಕಪ್ತಾನಮ್ಮ," ಎಂದರು ಪಾದ್ರಿ.

ಗಾರುಫಾಲಿಯಾ ಮೋಸ್ಕೋಳ ಪಕ್ಕ ಕುಸಿದು ಕೂತಳು.

"ಅಕ್ಕಾ, ಇವನನ್ನ ಕ್ಷಮಿಸೋಕೆ ನಾನ್ಯಾರು? ಹಗ್ಗ ಕಡಿಯೋ, ಕಡಿಯೋ ಅಂತ ಕೂಗಿದ್ದು ನಾನೇ." ಮಾತು ಮೋಸ್ಕೋಳಿಗೆ ಮಾತ್ರ ಕೇಳುವಷ್ಟಿತ್ತು.

"ಗೊತ್ತು. ಸಾಯೋ ಮುಂಚೆ ಹೇಳ್ದ. ಯಾರಿಗೂ ಹೇಳ್ಬೇಡಮ್ಮ, ಆಮೇಲೆ ಕಪ್ತಾನಮ್ಮನ ಹಿಂದೆ ಯಾರೂ ಯುದ್ಧಕ್ಕೆ ಹೊರಡಲ್ಲ ಅಂದ." ಮೋಸ್ಕೋ ಮಗನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಈಗ ಎಲ್ಲರ ಮುಂದೆ ಹೇಳ್ಬಿಡ್ತೀನಿ."

"ಅವನು ಉಸಿರಾಡ್ತಿದ್ದಾಗ ಹೇಳ್ಬೇಕಿತ್ತು. ಈಗ ಪಾದ್ರಿ ಹೇಳಿದ್ದಷ್ಟೇ ಹೇಳು. ನನ್ನ ಮಗ ಮಣ್ಣಾಗ್ಲಿ."

ಗಾರುಫಾಲಿಯಾ ಹೇಳಿದಳು. ಎರಡನೆಯ ಸಲ ದನಿ ಒಡೆಯಿತು. ಮೂರನೆಯದು ಕೇಳಿಸಲಿಲ್ಲವೆಂದು ಪಾದ್ರಿ ಮತ್ತೊಮ್ಮೆ ಹೇಳಿಸಿದರು. ಕಪ್ತಾನಮ್ಮನ ಮನಸ್ಸು ಎಷ್ಟು ದೊಡ್ಡದು ಎಂದು ಹಿಂದಿದ್ದ ಹೆಂಗಸರು ಮೂಗೊರೆಸಿಕೊಂಡರು.

ದೇಹ ಕರಗಲೆಂದು ಗೋರಿಯನ್ನು ಮತ್ತೆ ಮುಚ್ಚಬೇಕಿತ್ತು. ಮೊದಲ ಮಣ್ಣು ಕಪ್ತಾನಮ್ಮನೇ ಹಾಕಲಿ ಎಂದರು ಪಾದ್ರಿ. ಬೊಗಸೆ ತುಂಬಿಕೊಂಡು ಬಾಗಿದವಳ ಮುಂಗೈಯನ್ನು ಮೋಸ್ಕೋ ಹಿಡಿದು ನಿಲ್ಲಿಸಿದಳು. ಮಣ್ಣಿನಲ್ಲಿದ್ದ ಹರಳುಕಲ್ಲುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಮೇಲೆ ಕೈ ಬಿಟ್ಟಳು.