ಹೊರುವ ಯಂತ್ರ

“ಏದುಸಿರು ಬಿಡ್ಬೇಡ್ವೋ ಲೋಫರ್! ಎಮ್ಮೆ ಥರ ಬುಸುಗುಡ್ತಾವ್ನೆ. ಭಾರ ಹೊರ್ತಿರೋದು ಮಿಷಿನ್ನು, ನೀನಲ್ಲ. ತಲೇಗ್ ಹೋಯ್ತಾ?”

ಯಜಮಾನನ ಬೈಗುಳಕ್ಕೆ, ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದ ಮೌನೇಶ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರೆಳೆದುಕೊಂಡ. ಬೆನ್ನ ಮೇಲೆ ಕಬ್ಬಿಣದ ಬಿಲ್ಲೆ ತುಂಬಿದ ನಲವತ್ತು ಕಿಲೋ ಚೀಲ. ಸೊಂಟದಿಂದ ಪಾದದವರೆಗೆ ಬಿಗಿದ ಅಲ್ಯೂಮಿನಿಯಂ ಸರಳುಗಳು. ಗುಡ್ಡ ಹತ್ತುವ ಸೈನಿಕನ ಹೊರೆಯನ್ನು ತಾನೇ ಹೊರುವ ಯಂತ್ರ ಮಾಡಿಕೊಡುತ್ತೇನೆಂದು ಜೆ.ಪಿ. ನಗರದ ಕಂಪನಿಯ ಯಜಮಾನ ವಸಿಷ್ಠ ಸರ್ಕಾರದಿಂದ ರಕ್ಷಣಾ ಸಂಶೋಧನೆಯ ಅನುದಾನ ತಂದಿದ್ದ. ಒಂದೊಂದು ಹಂತಕ್ಕೂ ಸಮಿತಿ ಬಂದು ನೋಡಬೇಕು, ಒಪ್ಪಬೇಕು, ಆಮೇಲೆ ಮುಂದಿನ ಕಂತು. ಸಮಿತಿ ಬರುವ ದಿನ ಇವತ್ತು. ಯಂತ್ರದ ಮೋಟಾರು ಒಂದು ದಿನವೂ ಭಾರ ಎತ್ತದೆ ಸುಟ್ಟುಹೋಗಿ ವಾರವಾಗಿತ್ತು.

ಬನಶಂಕರಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ ಮೌನೇಶನನ್ನು ಇಲ್ಲಿಗೆ ಕರೆತಂದವನೂ ವಸಿಷ್ಠನೇ. ಪಳಗಿದ ಬೆನ್ನೊಂದು ಬೇಕಿತ್ತು, ಅಗ್ಗಕ್ಕೆ ಸಿಕ್ಕಿತು. ಇದು ದೇಶದ ಗುಟ್ಟು, ಹೊರಗೆ ಬಾಯಿಬಿಟ್ಟರೆ ಜೈಲು ಎಂದು ಮೊದಲ ದಿನವೇ ಹೆದರಿಸಿದ್ದರು. ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ‘ಸಬ್ಜೆಕ್ಟ್’.

ಮಾರ್ಕೆಟ್ಟಿನಲ್ಲಾದರೆ ಮೂಟೆ ಇಳಿಸಿದ ಕೂಡಲೇ ಯಾರಾದರೂ ಬೀಡಿ ಚಾಚುತ್ತಿದ್ದರು, ಬೈದಾದರೂ ನಗಿಸುತ್ತಿದ್ದರು. ಇಲ್ಲಿ ಗಾಜಿನ ಕೋಣೆ. ಹೊರಗೆ ಕೂತವರು ಕಂಪ್ಯೂಟರಿನಲ್ಲಿ ಅವನ ಎದೆಬಡಿತ ನೋಡುತ್ತಿದ್ದರು, ಅವನನ್ನು ನೋಡುತ್ತಿರಲಿಲ್ಲ. ಸಂಜೆ ಬಿಟಿಎಂನ ರೂಮಿಗೆ ಹೋದರೆ ಅಲ್ಲೂ ಒಬ್ಬನೇ.

“ದಿನಾ ಏನ್ ಕೆಲಸ ಮಾಡ್ಲಿಕತ್ತಿ?” ಊರಿನಿಂದ ಹೆಂಡತಿ ತಂಗೆವ್ವ ಫೋನಿನಲ್ಲಿ ಕೇಳುತ್ತಿದ್ದಳು.

“ನಡಿಯೋದು.”

“ಎಲ್ಲಿಗಿ?”

“ಎಲ್ಲಿಗೂ ಇಲ್ಲ.”

“ಕುಡ್ದೀ ಏನ್ ನೀ?”

ಈಗೀಗ ಅವಳು ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಸೊಂಟ ಬೀಳುತ್ತಿದೆ, ಎಡಗಾಲು ಮರಗಟ್ಟುತ್ತಿದೆ ಎಂದು ಹೇಳಿಕೊಳ್ಳಲು ಅವನಿಗೆ ಒಂದು ಜೀವವಿರಲಿಲ್ಲ. ಸೊಂಟ ಪೂರ್ತಿ ಬಿದ್ದುಹೋದರೆ ಮಾರ್ಕೆಟ್ಟಿನಲ್ಲೂ ಯಾರೂ ಮೂಸಿ ನೋಡುವುದಿಲ್ಲ. ಅದೊಂದೇ ಭಯ ಅವನನ್ನು ತಿನ್ನುತ್ತಿತ್ತು.

“ಸಾರ್, ಟೊಂಕ ಹಿಡ್ದದ್ರೀ. ಇವತ್ತೊಂದಿನ ಬಿಡ್ರಿ.”

“ಸಮಿತಿ ಹೋದ್ಮೇಲೆ ಎಲ್ಲಾದ್ರೂ ಬಿದ್ದು ಸಾಯಿ,” ಎಂದ ವಸಿಷ್ಠ. “ಈಗ ಹಲ್ ಕಿರ್ಕೊಂಡು ನಡಿ.”

ಸುಮನ್ ಎಂಬ ಇಂಜಿನಿಯರ್ ಮೂಗು ಮುಚ್ಚಿಕೊಂಡು ಬಂದು ಅವನ ಕಂಕುಳಿಗೆ ಸೆಂಟು ಹೊಡೆದ. “ದೊಡ್ಡೋರ್ ಬರ್ತಾವ್ರೆ. ಗಬ್ಬು ನಾರ್ತಿದೀಯ.”

ದೊಡ್ಡವರು ಬಂದರು. ಗೋಡಂಬಿ ತಿಂದರು. ಸಮಿತಿಯ ಅಧ್ಯಕ್ಷ ಶಿವರಾಮ್ ಟ್ರೆಡ್‌ಮಿಲ್ಲಿನ ಸುತ್ತ ಒಂದು ಸುತ್ತು ಹಾಕಿ, ವಸಿಷ್ಠನನ್ನು ಕೇಳಿದ: “ಕಂಫರ್ಟ್ ಹೇಗಿದೆ?”

“ಸಬ್ಜೆಕ್ಟ್‌ಗೆ ಭಾರಾನೇ ಗೊತ್ತಾಗ್ತಿಲ್ಲ ಸಾರ್.”

“ಹೌದಾ? ಹಾಗಾದ್ರೆ ಇನ್ನಿಪ್ಪತ್ತು ಕಿಲೋ ಹಾಕಿ.”

ಸುಮನ್ ವಸಿಷ್ಠನ ಮುಖ ನೋಡಿದ. ವಸಿಷ್ಠ ಕಣ್ಣಲ್ಲೇ ಹಾಕು ಎಂದ. ಬಿಲ್ಲೆಗಳು ಒಂದರ ಮೇಲೊಂದು ಚೀಲಕ್ಕೆ ಬಿದ್ದವು. ಮೌನೇಶನ ಸೊಂಟದಲ್ಲಿ ಚಳಕ್ ಎಂದಿತು, ಕಣ್ಣು ಕತ್ತಲಿಟ್ಟಿತು. ಅವನು ಕೈಚಾಚಿ ಕೆಂಪು ಗುಂಡಿ ಒತ್ತಿದ. ಟ್ರೆಡ್‌ಮಿಲ್ ನಿಂತಿತು.

“ಯಾಕೋ?” ಎಂದ ವಸಿಷ್ಠ.

ಮೌನೇಶ ಚೀಲ ಕೆಳಗಿಳಿಸಿದ. ಸರಳುಗಳ ಪಟ್ಟಿ ಒಂದೊಂದಾಗಿ ಬಿಚ್ಚಿ ಯಂತ್ರವನ್ನು ನೆಲಕ್ಕೆ ಹಾಕಿದ. ಮತ್ತೆ ಕೂತು, ಚೀಲವನ್ನಷ್ಟೇ ಬೆನ್ನಿಗೇರಿಸಿಕೊಂಡು ಎದ್ದ. ಗೋಡಂಬಿಯ ತಟ್ಟೆಗಳಿದ್ದ ಮೇಜಿಗೆ ಪೂರಾ ಒಂದು ಸುತ್ತು ಬಂದ.

“ನೋಡ್ರಿ ಸಾಹೇಬ್ರ. ಮಿಷಿನ್ ಅಲ್ಲಿ ಬಿದ್ದದ. ನಾ ಇಲ್ಲಿ ನಡಿಲಿಕತ್ತೀನಿ. ಏನರ ಫರಕ್ ಅದೇನ್ರಿ? ಮೊದ್ಲಿಂದ ಹೊತ್ತಾಂವ ನಾನ. ನನ್ ಹೆಸರು ಮೌನೇಶ ಅಂತ್ರೀ.”

ಶಿವರಾಮ್ ಅವನತ್ತ ತಿರುಗಲೇ ಇಲ್ಲ.

“ಪವರ್ ಪ್ರಾಬ್ಲಂ ಅಂತ ಬರ್ಕೊಳೋಣ ವಸಿಷ್ಠ. ಮಾರ್ಚ್ ಒಳಗೆ ಈ ಹಂತ ಮುಗೀಬೇಕು, ಮೇಲಿನೋರು ನಮ್ಮನ್ನೂ ಕೇಳ್ತಾರೆ. ಊಟ ಎಲ್ಲಿ?”

“ಜಯನಗರದಲ್ಲಿ ಹೇಳಿದೀನಿ ಸಾರ್.”

ಕುರ್ಚಿಗಳು ಸರಿದವು. ಎಲ್ಲರೂ ಬಾಗಿಲ ಕಡೆ ಹೊರಟರು.

“ಸೂಳೇಮಕ್ಕಳ್ರಾ!” ಎಂದ ಮೌನೇಶ. ಯಾರೂ ಹಿಂದಿರುಗಿ ನೋಡಲಿಲ್ಲ. ಅವನು ಯಂತ್ರ ಬಿದ್ದಿದ್ದಲ್ಲಿಗೆ ಹೋಗಿ ಅದಕ್ಕೆ ಬೆನ್ನುಮಾಡಿ ನಿಂತು, ಅರವತ್ತು ಕಿಲೋ ಚೀಲವನ್ನು ಬೆನ್ನಿನಿಂದ ಬಿಟ್ಟುಬಿಟ್ಟ.

ಆ ಯಂತ್ರ ಭಾರ ಹೊತ್ತಿದ್ದು ಅದೇ ಮೊದಲು. ಸರಳುಗಳು ಲಟಲಟ ಮುರಿದ ಸದ್ದಿಗೆ ಬಾಗಿಲಲ್ಲಿದ್ದವರೆಲ್ಲ ತಿರುಗಿ, ಆಗ ಮೌನೇಶನ ಮುಖ ನೋಡಿದರು.